ಎತ್ತಿದ ಕೈ

ಸತ್ತವನ ಬಲಗೈ ಶವಪೆಟ್ಟಿಗೆಯೊಳಗೆ ಕೂರುತ್ತಿರಲಿಲ್ಲ. ತಮ್ಮ ಮಂಡಿಯೂರಿ ಅಣ್ಣನ ಮೊಣಕೈಯನ್ನು ಬಲವಾಗಿ ಒತ್ತಿದ. ಒಳಗೆಲ್ಲೋ ಲಟಕ್ ಎಂದಿತು. ಬಾಗಿಲಲ್ಲಿ ನಿಂತಿದ್ದ ಮಗಳು ಕಣ್ಣು ಮುಚ್ಚಿಕೊಂಡಳು.

"ಈಗಲೂ ಮಾತು ಕೇಳ್ತಿಲ್ಲ ನೋಡು ಈ ಕೈ," ಎಂದು ಗ್ಯಾರೇಜಿನ ಪೇಂಟರ್ ಮೂಗು ಒರೆಸಿಕೊಂಡ. ಸತ್ತವನು ಬಡಿದು ನೆಟ್ಟಗೆ ಮಾಡಿದ ಕಾರುಗಳಿಗೆ ಇಪ್ಪತ್ತು ವರ್ಷ ಬಣ್ಣ ಹೊಡೆದವನು ಅವನು. "ನೆಗ್ಗಿದ ತಗಡು ಸರಿ ಮಾಡೋದ್ರಲ್ಲಿ ನಮ್ಮ ಟಿಂಕರ್ ಎತ್ತಿದ ಕೈ. ಅಂಥವನಿಗೆ ಇಂಥ ಗತಿ!"

"ಅತ್ತಿಗೆ ಎಷ್ಟು ಪೆಟ್ಟು ತಿಂದ್ರು, ಪಾಪ," ಎಂದ ತಮ್ಮ. "ಏನ್ಮಾಡೋದು, ಕಾಯಿಲೆ. ಅಣ್ಣ ಬೇಕಂತ ಹೊಡೀತಿದ್ನಾ?"

ಗೋಡೆಗೊರಗಿ ಕುಳಿತಿದ್ದ ಟಿಂಕರನ ಹೆಂಡತಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

*

ಏಳು ತಿಂಗಳ ಹಿಂದೆ, ಕಾರಿನ ಬಾಗಿಲೊಂದನ್ನು ಬಡಿಯುತ್ತಿದ್ದಾಗ ಟಿಂಕರನ ಬಲಗೈ ಇದ್ದಕ್ಕಿದ್ದಂತೆ ಭುಜದಿಂದಲೇ ಬೀಸಿತ್ತು. ಸುತ್ತಿಗೆ ಹಾರಿ ಎದುರಿನ ಗಾಜು ಪುಡಿಯಾಯಿತು. ಕೈ ನಿಲ್ಲಲಿಲ್ಲ. ಕಂಬಕ್ಕೆ, ಗೋಡೆಗೆ, ಅವನದೇ ಮೂಗಿಗೆ ಬಡಿಯಿತು. ನಾಲ್ವರು ಅಮುಕಿ ಹಿಡಿದು ಆಸ್ಪತ್ರೆಗೆ ತಂದಾಗ ಅಂಗಿಯೆಲ್ಲ ರಕ್ತ.

ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದರು.

"ಕೈ ಎತ್ತು ಅನ್ನೋ ಅಪ್ಪಣೆ ಮಿದುಳಿನ ಮೇಲ್ಪದರದಿಂದ ಹೊರಡುತ್ತಮ್ಮ. ಇಲ್ಲಿ ಆಳದಲ್ಲಿ, ಕಾಳಿನಷ್ಟು ಜಾಗ ಇದೆಯಲ್ಲ, ಬೇಡದ ಚಲನೆ ತಡೆಯೋದು ಅದರ ಕೆಲಸ. ಬ್ರೇಕ್ ಇದ್ದ ಹಾಗೆ. ರಕ್ತ ಹೋಗದೆ ಅದು ಕೆಟ್ಟಿದೆ. ಸದ್ಯಕ್ಕೆ ಆ ಕೈ ಅವರ ಮಾತು ಕೇಳಲ್ಲ."

ಹೆಂಡತಿ ಆ ಕಾಳಿನಷ್ಟು ಜಾಗದ ಮೇಲೆ ಬೆರಳಿಟ್ಟಳು. "ಮದುವೆಯಾದಾಗ್ನಿಂದ ಹೊಡೀತಿದ್ರು ಡಾಕ್ಟ್ರೇ. ಆಗ್ಲೂ ಬ್ರೇಕ್ ಕೆಟ್ಟಿತ್ತಾ?"

ಡಾಕ್ಟರು ಚಿತ್ರವನ್ನು ಕೆಳಗಿಟ್ಟರು. "ಇಲ್ಲಮ್ಮ. ಆಗ ಸರಿಯಾಗೇ ಇತ್ತು."

ಮನೆಗೆ ಬಂದ ಮರುದಿನ, ಊಟ ಮಾಡಿಸುವಾಗ ಆ ಕೈ ಅವಳ ಹಲ್ಲು ಮುರಿಯಿತು. ಟಿಂಕರ್ ಗಳಗಳನೆ ಅತ್ತುಬಿಟ್ಟ. ಇಪ್ಪತ್ತನಾಲ್ಕು ವರ್ಷದಲ್ಲಿ ಹೊಡೆದ ಮೇಲೆ ಅವನು ಅತ್ತದ್ದನ್ನು ಅವಳು ಕಂಡಿರಲಿಲ್ಲ. "ಮಂಚಕ್ಕೆ ಕಟ್ಟೇ, ಬಿಗಿಯಾಗಿ ಕಟ್ಟು," ಎಂದ. ಬಾಯಲ್ಲಿ ರಕ್ತ ತುಂಬಿಕೊಂಡೇ ಅವಳು ಟವೆಲಿನಿಂದ ಕಟ್ಟಿದಳು, ಮಣಿಕಟ್ಟು ನೋಯದ ಹಾಗೆ. ಆ ದಿನಗಳಲ್ಲಿ ಅವನ ಮೇಲೆ ಅವಳಿಗೆ ಕನಿಕರ ಹುಟ್ಟಿತು.

ಮಾತ್ರೆಗಳು ಹಿಡಿದವು. ಮೂರನೇ ತಿಂಗಳ ಹೊತ್ತಿಗೆ ಕೈ ಶಾಂತವಾಯಿತು. ತುಂಬಿದ ಲೋಟವನ್ನು ಒಂದು ತೊಟ್ಟೂ ಚೆಲ್ಲದೆ ಬಾಯಿಗೆತ್ತಿಕೊಳ್ಳುತ್ತಿದ್ದ. ಅದೇ ವಾರ ಒಂದು ಮಧ್ಯಾಹ್ನ ಟೀ ಆರಿಹೋಗಿತ್ತು. ಅವನು ಲೋಟವನ್ನು ಜೋಪಾನವಾಗಿ ಕೆಳಗಿಟ್ಟ. ಎದ್ದು ಹೋಗಿ ಕಿಟಕಿ ಮುಚ್ಚಿದ. ಆಮೇಲೆ ಅವಳ ಕಿವಿಯ ಹಿಂದೆ, ಕೂದಲು ಮುಚ್ಚುವ ಜಾಗದಲ್ಲಿ, ಮುಷ್ಟಿಯಿಂದ ಗುದ್ದಿದ.

"ಕೈ ತಾನೇ ಹೋಯ್ತು ಕಣೇ," ಎಂದ.

*

ಪೆಟ್ಟಿಗೆ ಎತ್ತುವ ಮುನ್ನ ಮಗಳು ಅಮ್ಮನ ಕೂದಲು ಕಟ್ಟಲು ಕುಳಿತಳು. ಕಿವಿಯ ಹಿಂದಿನ ಬಾವಿನ ಬಳಿ ಬಾಚಣಿಗೆ ತಟ್ಟನೆ ನಿಂತಿತು.

"ಅಮ್ಮ, ಇದು ಯಾವಾಗಿಂದು?"

"ಭಾನುವಾರದ್ದು."

ಅಪ್ಪ ಸತ್ತದ್ದು ಸೋಮವಾರ ಬೆಳಿಗ್ಗೆ, ಮಿದುಳಲ್ಲಿ ಮತ್ತೆ ರಕ್ತ ಹೆಪ್ಪುಗಟ್ಟಿ.

"ಕೈ ನಿಂತು ನಾಲ್ಕು ತಿಂಗಳಾಯ್ತಲ್ಲ!"

"ಹೂಂ."

"ನನಗ್ಯಾಕೆ ಹೇಳ್ಲಿಲ್ಲ?"

"ಚಿಕ್ಕೋಳಿದ್ದಾಗ ನೀನು ಆ ಕೈ ಕಂಡ್ರೆ ಮಂಚದ ಕೆಳಗೆ ಸೇರ್ಕೋತಿದ್ದೆ. ಈಗ ಬಂದಾಗೆಲ್ಲ ಅದನ್ನೇ ಹಿಡ್ಕೊಂಡು ಕೂತಿರ್ತಿದ್ದೆ. ಹೇಗೆ ಹೇಳ್ಲಿ?"

ಮಗಳು ಗಂಟು ಹಾಕಲು ನೋಡಿದಳು. ಕೂದಲು ಬೆರಳಿನಿಂದ ಜಾರಿತು.

*

ಪೆಟ್ಟಿಗೆ ಗುಂಡಿಗೆ ಇಳಿಯಿತು. ಮಗಳೂ ಉಳಿದವರೂ ಒಂದೊಂದು ಹಿಡಿ ಮಣ್ಣು ತೆಗೆದುಕೊಂಡರು. ಮೊದಲ ಹಿಡಿ ಹೆಂಡತಿಯದಾಗಲಿ ಎಂದು ಮೈದುನ ತನ್ನ ಹಿಡಿಯನ್ನು ಅವಳ ಮುಂದೆ ಚಾಚಿದ.

"ತಗೊಳ್ಳಿ ಅತ್ತಿಗೆ."

ಅವಳು ಕೈ ನೀಡಲಿಲ್ಲ.

"ದುಃಖಕ್ಕೆ ಕೈಯೆಲ್ಲ ಮರಗಟ್ಟಿಹೋಗಿದೆ, ಬಿಡಪ್ಪ," ಎಂದ ಪೇಂಟರ್. "ಅವರ ಕೈಲಿ ಆಗಲ್ಲ."

"ಆಗುತ್ತೆ," ಎಂದಳು ಅವಳು. "ಹಾಕಲ್ಲ."

ಮೈದುನನ ಬೆರಳ ಸಂದಿನಿಂದ ಮಣ್ಣು ಅವನದೇ ಚಪ್ಪಲಿಯ ಮೇಲೆ ಸುರಿಯುತ್ತಿತ್ತು. ಮಗಳು ಗುಂಡಿಯ ಅಂಚಿನಿಂದ ಎರಡು ಹೆಜ್ಜೆ ಹಿಂದೆ ಸರಿದು, ಅಮ್ಮನ ಪಕ್ಕ ನಿಂತು, ತನ್ನ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮಣ್ಣು ಹುಲ್ಲಿನ ಮೇಲೆ ಬಿತ್ತು.