ಮಲ್ಲಿಕಾರ್ಜುನಪ್ಪನವರ ಪೋಕರ್ ಮುಖ

ವಸ್ತಾರೆಯ ಪಾರ್ಚ್‌ಮೆಂಟ್ ಕಾಫಿಯ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರು ಹಲವು ವರ್ಷ ಭಾನುವಾರದ ಪೋಕರ್ ಮೇಜಿನಲ್ಲಿ ತಪ್ಪದೆ ಸೋತರು. ಎರಡು ಸಾವಿರದ ಇಸವಿಯ ಮಳೆಗಾಲ ಕಳೆದ ಮೇಲೆ ಗೆಲ್ಲತೊಡಗಿದರು. ಆ ಗೆಲುವಿನಲ್ಲಿ ಅರ್ಧ ಪಾಲು ತನ್ನದೆಂದು ದಿಲೀಪ್ ತಿಳಿದಿದ್ದ. ಮೇಜಿನಲ್ಲಿದ್ದ ಇನ್ನಿಬ್ಬರೂ ಅದನ್ನು ಒಪ್ಪಿದ್ದರು.

ಆ ಆಟವನ್ನು ಈ ಕಡೆಗೆ ತಂದವನೇ ದಿಲೀಪ್. ಅತ್ತಿಗುಂಡಿಯ ದಾರಿಯಲ್ಲಿದ್ದ ಅಪ್ಪನ ಎಸ್ಟೇಟನ್ನು ವಹಿಸಿಕೊಳ್ಳುವ ಮೊದಲು ಅವನು ತಮಿಳುನಾಡಿನ ಒಂದು ಟೀ ತೋಟದಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದ. ಅಲ್ಲಿಂದ ಬರುವಾಗ ಜೀಪಿನ ಹಿಂದಿನ ಸೀಟಿನಲ್ಲಿ ಒಂದು ಪೋಕರ್ ಪೆಟ್ಟಿಗೆಯನ್ನು ತಂದ. ಒಳಗೆ ನೀಲಿ ಮಖಮಲ್ಲಿನ ಹಳ್ಳಗಳಲ್ಲಿ ಸಾಲಾಗಿ ಕೂತ ಪಣದ ಬಿಲ್ಲೆಗಳಿದ್ದವು. ಅವು ಪ್ಲಾಸ್ಟಿಕ್ಕಿನವಲ್ಲ, ಸುಟ್ಟ ಜೇಡಿಯವು. ಒಂದರ ಮೇಲೊಂದು ಬಿದ್ದರೆ ಬಂಡಿಯ ಗಾಲಿ ಜಲ್ಲಿಯ ಮೇಲೆ ಹೊರಳಿದಂಥ ಒಣ ಸದ್ದು. ಹಂಚುವ ಸರದಿ ಯಾರದೆಂದು ತೋರಿಸಲು ಒಂದು ದೊಡ್ಡ ಬಿಳಿ ಗುಂಡಿ, ಎರಡು ಕಟ್ಟು ಇಸ್ಪೀಟೆಲೆ, ಮೇಜಿಗೆ ಹಾಸಲು ಹಸಿರು ಬನಾತು ಇದ್ದವು. ಕೈಯೆಲೆಗಳು ಹಾರದಂತೆ ಮೇಲಿಡುವ ಭಾರವನ್ನು ಮಾತ್ರ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಿಂದ ತರುತ್ತಿದ್ದರು. ಚಿಕ್ಕಮಗಳೂರಿನಲ್ಲಿ ಟೈರ್ ಅಂಗಡಿಯಿಟ್ಟಿದ್ದ ಪ್ರಸನ್ನಕುಮಾರನದು ಲಾರಿ ಚಕ್ರದ ನಟ್ಟು. ಪಂಚಾಯ್ತಿ ಕಾರ್ಯದರ್ಶಿಯಾಗಿ ನಿವೃತ್ತರಾಗಿದ್ದ ನಿಂಗಯ್ಯನವರದು ಹೊಳೆಯ ಬಿಳಿಗಲ್ಲು. ಮಲ್ಲಿಕಾರ್ಜುನಪ್ಪನವರದು ತಕ್ಕಡಿಯ ಐವತ್ತು ಗ್ರಾಮಿನ ಹಿತ್ತಾಳೆ ಬೊಟ್ಟು.

ಹಣವಿಟ್ಟು ಆಡಕೂಡದೆಂಬುದು ಮಲ್ಲಿಕಾರ್ಜುನಪ್ಪನವರು ಮೊದಲ ದಿನವೇ ಹಾಕಿದ ಷರತ್ತು. ಅದರ ಬದಲಿಗೆ ಒಂದು ಪದ್ಧತಿ ಹುಟ್ಟಿಕೊಂಡಿತು. ಸಂಜೆಗೆ ಯಾರ ಮುಂದೆ ಬಿಲ್ಲೆ ಹೆಚ್ಚಿರುತ್ತದೋ ಅವರು ಪೆಟ್ಟಿಗೆಯನ್ನು ಮನೆಗೆ ಒಯ್ಯಬೇಕು. ಮುಂದಿನ ಭಾನುವಾರ ಊಟವೂ ಆಟವೂ ಅವರ ಮನೆಯಲ್ಲಿ.

ಅವರು ಆಡುತ್ತಿದ್ದುದು ಐದೆಲೆಯ ಪೋಕರ್. ಐದು ಎಲೆ ಬರುತ್ತವೆ. ಬೇಡವಾದವನ್ನು ಒಂದು ಸಲ ಬದಲಾಯಿಸಬಹುದು. ಆಮೇಲೆ ಕೈಯಲ್ಲಿರುವುದರ ಮೇಲೆ ಬಿಲ್ಲೆ ಹೂಡಬೇಕು, ಇಲ್ಲವೇ ಎಲೆ ಮಡಚಿಟ್ಟು ಆ ಸುತ್ತನ್ನು ಬಿಟ್ಟುಕೊಡಬೇಕು. ಹೂಡಿದವನ ಕೈಯಲ್ಲಿ ನಿಜವಾಗಿ ಏನಾದರೂ ಇದೆಯೋ, ಅವನು ಬರಿಗೈಯಲ್ಲಿ ಹೆದರಿಸುತ್ತಿದ್ದಾನೋ ಎಂಬುದನ್ನು ಕಂಡುಕೊಳ್ಳುವುದೇ ಆಟದ ಸಾರ. ದಿಲೀಪ್ ಇದನ್ನು ಶಾಸ್ತ್ರದಂತೆ ಕಲಿಸಿದ. ಕೊನೆಯಲ್ಲಿ ಹೂಡುವ ಜಾಗದಲ್ಲಿ ಕೂತವನಿಗೆ ಅನುಕೂಲ ಹೆಚ್ಚು. ಹತ್ತು ಸುತ್ತುಗಳಲ್ಲಿ ಏಳನ್ನು ಮಡಚುವ ತಾಳ್ಮೆ ಬೇಕು. ಎಲೆ ಬಂದಾಗ ನಿಮ್ಮ ಎಲೆ ನೋಡಬೇಡಿ, ಎಲೆ ನೋಡುತ್ತಿರುವವರ ಮುಖ ನೋಡಿ. ಇವೆಲ್ಲಕ್ಕಿಂತ ಒತ್ತಿ ಹೇಳಿದ್ದು ಕೈಯ ವಿಷಯವನ್ನು.

"ಸುಳ್ಳು ಆಡೋನು ಮೈ ಬಿಗಿ ಹಿಡಿದು ಕೂತಿರ್ತಾನೆ. ನಿಜವಾಗಿ ದೊಡ್ಡ ಎಲೆ ಬಂದೋನಿಗೆ ಅದು ಆಗಲ್ಲ, ಕೈ ನಡುಗುತ್ತೆ. ಯಾರದಾದ್ರೂ ಕೈ ನಡುಗಿತು ಅಂದ್ರೆ ಯೋಚನೆ ಮಾಡ್ಬೇಡಿ, ಮಡಚಿಬಿಡಿ."

ಮಲ್ಲಿಕಾರ್ಜುನಪ್ಪನವರಿಗೆ ಈ ವಿದ್ಯೆ ಹತ್ತಲಿಲ್ಲ. ಅವರ ಮುಖ ತೆರೆದ ಮುಖ. ಅವರ ಕಾಫಿ ಡಿಪೋದಲ್ಲಿ ಬೆಳೆಗಾರರು ಮೂಟೆ ಬಿಚ್ಚಿ ಪಾರ್ಚ್‌ಮೆಂಟ್ ತೋರಿಸಿದಾಗ ಅವರು ಒಂದು ಬೀಜವನ್ನು ಕಚ್ಚಿ, ಒಂದು ಹಿಡಿಯನ್ನು ಮೂಸುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ರೇಟು ಎಷ್ಟೆಂದು ಬೆಳೆಗಾರರಿಗೆ ಹುಬ್ಬಿನಿಂದ ತಿಳಿಯುತ್ತಿತ್ತು. ಅದಕ್ಕಾಗಿಯೇ ಜನ ಅವರಲ್ಲಿಗೆ ಬರುತ್ತಿದ್ದರು. ಪೋಕರ್ ಮೇಜಿನಲ್ಲಿ ಜೋಡಿ ರಾಜ ಬಂದರೆ ಅವರ ಮೀಸೆಯ ತುದಿ ಮೇಲೇಳುತ್ತಿತ್ತು. ಏನೂ ಬಾರದಿದ್ದರೆ ನಿಟ್ಟುಸಿರು ಬರುತ್ತಿತ್ತು.

"ಮಲ್ಲಣ್ಣ, ನಿಮ್ಮ ಮುಖ ಅಂದ್ರೆ ನೋಟೀಸ್ ಬೋರ್ಡು," ಎಂದು ನಿಂಗಯ್ಯನವರು ಹಂಗಿಸುತ್ತಿದ್ದರು.

"ಓದಿಕೊಳ್ಳಿ ಮಾರಾಯ್ರೆ, ಪುಕ್ಕಟೆ," ಎಂದು ಅವರು ಎಲೆ ಚೆಲ್ಲಿ ನಗುತ್ತಿದ್ದರು.

ಬದಲಾವಣೆ ನಿಧಾನವಾಗಿ ಬಂತು. ಒಂದು ಭಾನುವಾರ ಅವರ ಮೀಸೆ ಏಳಲಿಲ್ಲ. ಇನ್ನೊಂದು ಭಾನುವಾರ ನಿಟ್ಟುಸಿರು ಕೇಳಲಿಲ್ಲ. ಕಣ್ಣು ಮಿಟುಕಿಸುವುದೂ ಕಡಿಮೆಯಾಯಿತು. ಸ್ವರ ತಗ್ಗಿತು, "ಏರಿಸ್ದೆ" ಎಂದರೆ ಪಕ್ಕದವನೂ ಬಗ್ಗಿ ಕೇಳಬೇಕಾಗಿತ್ತು. ಎಲೆಗಳನ್ನು ಹಿತ್ತಾಳೆ ಬೊಟ್ಟಿನಡಿ ಇಟ್ಟು, ಕಲ್ಲಿನಂತೆ ಎದುರಿನ ಗೋಡೆಯನ್ನು ನೋಡುತ್ತಾ ಕೂರುತ್ತಿದ್ದರು. ಆಗೊಮ್ಮೆ ಈಗೊಮ್ಮೆ, ಬಿಲ್ಲೆ ಹೂಡಿ ಉಳಿದವರ ಉತ್ತರಕ್ಕೆ ಕಾಯುವಾಗ, ಬನಾತಿನ ಮೇಲೆ ಸುಮ್ಮನೆ ಒರಗಿದ್ದ ಬಲಗೈ ನಡುಗುತ್ತಿತ್ತು. ನಡುಗಿದ ಕೂಡಲೆ ಮೂವರೂ ಕಲಿತ ಪಾಠದಂತೆ ಮಡಚುತ್ತಿದ್ದರು. ಮಡಚಿದ ಮೇಲೆ ಗೆದ್ದವನು ಎಲೆ ತೋರಿಸಬೇಕಾಗಿಲ್ಲ. ಹೀಗಾಗಿ ಅವರ ಕೈಯಲ್ಲಿ ಏನಿತ್ತೆಂದು ಯಾರೂ ನೋಡಲಿಲ್ಲ.

ಪೆಟ್ಟಿಗೆ ಅವರ ಮನೆ ಸೇರಿತು, ಅಲ್ಲೇ ಉಳಿಯಿತು. ಅವರ ಹೆಂಡತಿ ವಿಶಾಲಾಕ್ಷಮ್ಮನವರು ವಾರವಾರವೂ ನಾಲ್ವರಿಗೆ ಅಕ್ಕಿರೊಟ್ಟಿ ತಟ್ಟಿದರು.

"ಈಗ ಬಂತು ನೋಡಿ ಮುಖ ಮುಚ್ಚೋಕೆ," ಎಂದು ದಿಲೀಪ್ ಒಮ್ಮೆ ಹೆಮ್ಮೆಯಿಂದ ಹೇಳಿದಾಗ ಮಲ್ಲಿಕಾರ್ಜುನಪ್ಪನವರು ಮೆಲ್ಲಗೆ ಅಂದರು: "ಮನೇಲಿ ಒಬ್ಬನೇ ಕೂತು ಎಲೆ ಹಂಚ್ಕೊಂಡು ಅಭ್ಯಾಸ ಮಾಡ್ತೀನಿ ಮಾರಾಯ. ಈ ವಯಸ್ಸಲ್ಲೂ ಒಂದು ವಿದ್ಯೆ ಹತ್ತುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ."

ಮರುವರ್ಷದ ಕೊಯ್ಲಿನ ಕಾಲದಲ್ಲಿ, ಒಂದು ಬೆಳಗ್ಗೆ, ವಿಶಾಲಾಕ್ಷಮ್ಮನವರು ಬಾಡಿಗೆ ಜೀಪು ಹಿಡಿದು ದಿಲೀಪನ ಎಸ್ಟೇಟಿಗೆ ಬಂದರು. ಅವನು ಕಣದಲ್ಲಿ ಕಾಫಿ ಹರವಿಸುತ್ತಿದ್ದ. ಕುರ್ಚಿ ತರಿಸಿದರೆ ಅವರು ಕೂರಲಿಲ್ಲ.

"ನಿಮ್ಮ ಹತ್ರ ಒಂದು ಕೇಳ್ಕೊಳ್ಳೋಕೆ ಬಂದೆ ದಿಲೀಪಣ್ಣ. ಅವ್ರಿಗೆ ಕಲ್ಸಿದೀರಲ್ಲ ಆ ಮುಖ, ಅದನ್ನ ಆಟ ಮುಗಿದ್ಮೇಲೆ ತೆಗೀಬೇಕು ಅಂತ ಸ್ವಲ್ಪ ಹೇಳಿ."

ದಿಲೀಪ್ ನಕ್ಕ. "ಏನಾಯ್ತಕ್ಕ?"

"ನಮ್ಮ ಸೌಜನ್ಯ ಗಂಡನ ಮನೆಯಿಂದ ಬಂದಿದ್ಲು, ಬಸುರಿ ಅಂತ ಅಪ್ಪಂಗೆ ತಾನೇ ಹೇಳ್ಬೇಕು ಅಂತ. ಇವ್ರು ಸಂತೋಷ ಅಂದ್ರು. ಮುಖ ನೋಡಿದ್ರೆ ಸಾವಿನ ಸುದ್ದಿ ಕೇಳ್ದೋರ ಹಾಗೆ. ಅಪ್ಪಂಗೆ ನನ್ನ ಮೇಲೆ ಏನೋ ಸಿಟ್ಟಿದೆ ಅಂತ ಅವ್ಳು ಮಾರನೇ ದಿನವೇ ಅತ್ಕೊಂಡು ಹೋದ್ಲು. ನನ್ನ ಹತ್ರನೂ ಹಾಗೇ. ಉಪ್ಪು ಕಮ್ಮಿ ಆಯ್ತಾ, ಜಾಸ್ತಿ ಆಯ್ತಾ, ಗೊತ್ತಾಗಲ್ಲ. ಮೊನ್ನೆ ಹಾಲು ಸೀದು ಮನೆಯೆಲ್ಲಾ ನಾತ, ಪಕ್ಕದಲ್ಲೇ ಕೂತಿದ್ರು, ಮೂಗು ಸಹ ಸಿಂಡರಿಸ್ಲಿಲ್ಲ. ಅಷ್ಟೊಂದು ಅಭ್ಯಾಸ ಯಾಕೆ ಬೇಕು? ನೀವು ಆಡೋದು ಬೇಡ ಅಂತಲ್ಲ. ನೀವೆಲ್ಲಾ ಬಂದ್ರೆ ನನಗೂ ಚೆಂದ. ಆದ್ರೆ ಇಷ್ಟು ವರ್ಷ ನೋಡ್ಕೊಂಡು ಬಂದ ಮುಖ ಅಲ್ವಾ, ನನಗೆ ಅದು ಬೇಕು."

ಹೇಳುತ್ತೇನೆಂದು ದಿಲೀಪ್ ಮಾತು ಕೊಟ್ಟ. ಅದು ಅವನಿಗೆ ತಮಾಷೆಯಾಗಿ ಕಂಡಿತ್ತು. ಆದರೆ ಸೀದ ಹಾಲಿನ ವಿಷಯ ಮನಸ್ಸಿನಲ್ಲಿ ಎಲ್ಲೋ ತೊಡರಿಕೊಂಡಿತು. ಮೂಗೇ ಬಂಡವಾಳವಾದ ವ್ಯಾಪಾರಿ ಅವರು.

ಎರಡು ದಿನ ಬಿಟ್ಟು ಅವನು ಡಿಪೋಗೆ ಹೋದಾಗ ಮುದ್ದಮ್ಮ ಎಂಬ ಸಣ್ಣ ಬೆಳೆಗಾರ್ತಿ ತನ್ನ ಎರಡು ಮೂಟೆಗಳ ಬಾಯಿ ಕಟ್ಟುತ್ತಿದ್ದಳು.

"ಯಾಕಮ್ಮ, ಕೊಡಲ್ವಾ?"

"ಯಜಮಾನ್ರಿಗೆ ಮಾಲು ಹಿಡಿಸ್ಲಿಲ್ಲ ಅಂತ ಕಾಣುತ್ತೆ. ಗುರಾಯಿಸ್ತಾ ಕೂತವ್ರೆ. ಬೇರೆ ಕಡೆ ನೋಡ್ತೀನಿ."

ಒಳಗೆ ಮಲ್ಲಿಕಾರ್ಜುನಪ್ಪನವರು ಸ್ಟೂಲಿನ ಮೇಲೆ ಕೂತಿದ್ದರು. ಎಡಗೈಯಲ್ಲಿ ಒಂದಿಷ್ಟು ಪಾರ್ಚ್‌ಮೆಂಟ್. ಬಲಗೈ ತೊಡೆಯ ಮೇಲೆ ಒರಗಿ ಸಣ್ಣಗೆ, ಒಂದೇ ಸಮನೆ ನಡುಗುತ್ತಿತ್ತು. ಹೆಬ್ಬೆರಳು ತೋರುಬೆರಳುಗಳ ನಡುವೆ ಏನನ್ನೋ ಹೊಸೆಯುತ್ತಿರುವಂತೆ. ಇವತ್ತು ಒಳ್ಳೆಯ ಎಲೆ ಬಂದಿದೆ ಎಂದು ದಿಲೀಪನ ತಲೆ ತಾನಾಗಿ ಯೋಚಿಸಿತು. ಮರುಕ್ಷಣವೇ ಅಲ್ಲಿ ಎಲೆಯಿಲ್ಲ, ಮೇಜಿಲ್ಲ ಎಂಬುದು ಕಣ್ಣಿಗೆ ಬಿತ್ತು.

ಅವನು ಎದುರು ಕೂತ. ಹೇಳಬೇಕೆಂದುಕೊಂಡು ಬಂದದ್ದನ್ನು ಹೇಳುವುದರ ಹೊರತು ಬೇರೇನೂ ತೋಚಲಿಲ್ಲ.

"ಮಲ್ಲಣ್ಣ, ಮುಖ ಮುಚ್ಚೋದು ಟೇಬಲ್ ಮೇಲೆ ಮಾತ್ರ. ಇಲ್ಲಿ, ಮನೇಲಿ, ಸ್ವಲ್ಪ ನಗಿ. ಅಕ್ಕ ಬೇಜಾರು ಮಾಡ್ಕೊಂಡಿದಾರೆ."

"ಅವಳು ನಿಮ್ಮನೆ ತನಕ ಬಂದ್ಲಾ?" ಎಂದು ಅವರು ತಗ್ಗಿದ ಸ್ವರದಲ್ಲಿ ಕೇಳಿದರು. "ಒಳ್ಳೆ ಕತೆ."

ದಿಲೀಪ್ ಕಾದ. "ನಗಿ ಅಂದ್ನಲ್ಲ."

ಮಲ್ಲಿಕಾರ್ಜುನಪ್ಪನವರು ಅವನನ್ನು ಕಣ್ಣು ಮಿಟುಕಿಸದೆ ನೋಡಿದರು.

"ನಗ್ತಾನೇ ಇದೀನಲ್ಲ ಮಾರಾಯ," ಎಂದರು.

ಅವರನ್ನು ಮಂಗಳೂರಿಗೆ ಕರೆದುಕೊಂಡು ಹೋದವನು ದಿಲೀಪನೇ. ಅಲ್ಲಿಯ ನರರೋಗದ ವೈದ್ಯರು ಬೆರಳು ಬಡಿಯಲು ಹೇಳಿದರು, ಕಾರಿಡಾರಿನ ಉದ್ದಕ್ಕೂ ನಡೆಸಿದರು, ಮೊಣಕೈ ಹಿಡಿದು ಮಡಚಿ ನೋಡಿದರು. ಪಾರ್ಕಿನ್ಸನ್ ಎಂದರು. ನಡುಕ, ತಗ್ಗಿದ ಸ್ವರ, ಬಿಗಿದ ಮುಖ, ವಾಸನೆ ಹೋಗಿದ್ದು ಎಲ್ಲವೂ ಅದರದೇ. ಮಾತ್ರೆಯಿಂದ ಮೈ ಹಗುರಾಗುತ್ತದೆ. ಮುಖ ಎಷ್ಟು ಮರಳುತ್ತದೆ ಎಂಬುದನ್ನು ಈಗಲೇ ಹೇಳಲಾಗದು.

"ಒಂದು ವರ್ಷದಿಂದ ಇದ್ದಿರ್ಬೇಕು. ಹತ್ತಿರದೋರು ಯಾರೂ ಗಮನಿಸ್ಲಿಲ್ವಾ?" ಎಂದು ವೈದ್ಯರು ಕೇಳಿದರು.

ಗಮನಿಸಿದ್ದೆವು, ವಾರವಾರವೂ ಎದುರು ಕೂತು ಗಮನಿಸಿದ್ದೆವು ಎಂದು ಹೇಳುವ ಬದಲು ದಿಲೀಪ್ ಮಾತ್ರೆಯ ಚೀಟಿಗೆ ಕೈ ಚಾಚಿದ. ಮರಳುವ ದಾರಿಯಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಮಲ್ಲಿಕಾರ್ಜುನಪ್ಪನವರು ಕಿಟಕಿಯ ಹೊರಗೆ ನೋಡುತ್ತಾ ಇದ್ದರು. ಹೆದರಿದ್ದಾರೋ, ದಣಿದಿದ್ದಾರೋ ತಿಳಿಯಲಿಲ್ಲ. ಜೀಪು ಓಡಿಸುತ್ತಿದ್ದ ಅವನು ತಿರುತಿರುಗಿ ಕನ್ನಡಿಯಲ್ಲಿ ನೋಡಿ, ಕೊನೆಗೆ ನೋಡುವುದನ್ನು ಬಿಟ್ಟ.

ಭಾನುವಾರಕ್ಕೆ ಮೊದಲು ಮೂವರೂ ಪ್ರಸನ್ನಕುಮಾರನ ಅಂಗಡಿಯಲ್ಲಿ ಟೈರುಗಳ ಮಧ್ಯೆ ಕೂತು ಮಾತಾಡಿದರು.

"ಅವ್ರ ಕೈ ನೋಡ್ದೆ ಆಡಿದ್ರೆ ಸೋಲ್ತಾರೆ," ಎಂದ ಪ್ರಸನ್ನಕುಮಾರ. "ಕಾಯಿಲೆ ಗೊತ್ತಾದ ವಾರವೇ ಸೋಲಿಸೋದಾ?"

"ಹಾಗಂತ ಮಡಚ್ತಾ ಹೋದ್ರೆ ಅದು ಆಟ ಏನು? ಮಕ್ಕಳನ್ನ ಆಡಿಸ್ದ ಹಾಗೆ," ಎಂದರು ನಿಂಗಯ್ಯನವರು. "ಪೂರಾ ನಿಲ್ಲಿಸಿಬಿಡೋಣ ಅಂದ್ರೆ ಅದೂ ಆಗಲ್ಲ. ಅವ್ರು ಭಾನುವಾರ ಅಂತ ಕಾಯ್ತಿರ್ತಾರೆ. ದಿಲೀಪ, ನೀನು ಹೇಳಪ್ಪ. ಪಾಠ ಹೇಳ್ಕೊಟ್ಟೋನು ನೀನು."

ದಿಲೀಪ್ ಒಂದು ಹಳೆಯ ಟ್ಯೂಬಿನ ವಾಲ್ವನ್ನು ತಿರುಗಿಸುತ್ತಾ ಕೂತ. ಯಾವ ತೀರ್ಮಾನವೂ ಆಗಲಿಲ್ಲ.

ಭಾನುವಾರ ಊಟವಾದ ಮೇಲೆ ಬನಾತು ಹಾಸಿದರು. ಮೊದಲ ಕೆಲವು ಸುತ್ತುಗಳು ಹಾಗೂ ಹೀಗೂ ಸಾಗಿದವು. ಯಾರೂ ದೊಡ್ಡದಾಗಿ ಹೂಡಲಿಲ್ಲ. ನಿಂಗಯ್ಯನವರು ಹಂಗಿಸಲಿಲ್ಲ. ಮಾತ್ರೆ ಇನ್ನೂ ಹಿಡಿದಿರಲಿಲ್ಲ. ಮಲ್ಲಿಕಾರ್ಜುನಪ್ಪನವರ ಬಲಗೈ ಹಸಿರು ಬಟ್ಟೆಯ ಮೇಲೆ ಬಿಡುವಿಲ್ಲದೆ ನಡುಗುತ್ತಿತ್ತು. ಅದನ್ನು ನೋಡಬಾರದೆಂದು ಮೂವರೂ ತಮ್ಮ ತಮ್ಮ ಎಲೆಗಳನ್ನೇ ನೋಡುತ್ತಿದ್ದರು.

ಆಮೇಲೆ ದಿಲೀಪನಿಗೆ ಮೂರು ರಾಣಿಗಳು ಬಂದವು. ಅವನು ಅಳತೆಯಾಗಿ ಹೂಡಿದ. ಎರಡೆಲೆ ಬದಲಾಯಿಸಿದ್ದ ಮಲ್ಲಿಕಾರ್ಜುನಪ್ಪನವರು ಮುಂದಿದ್ದ ಬಿಲ್ಲೆಗಳನ್ನೆಲ್ಲಾ ಮುಂಗೈಯಿಂದ ನಡುವಿಗೆ ನೂಕಿದರು.

ಪ್ರಸನ್ನಕುಮಾರ ಮಡಚಿದ. ನಿಂಗಯ್ಯನವರು ತಮ್ಮ ಎಲೆಗಳನ್ನು ಪೂರ್ತಿ ನೋಡದೆಯೇ ಮಡಚಿದರು.

ದಿಲೀಪನ ಸರದಿ. ಮಡಚಿದರೆ ಭಿಕ್ಷೆ ಹಾಕಿದಂತೆ. ಹೂಡಿದರೆ ಅವರಲ್ಲಿ ಉಳಿದಿರುವ ಒಂದನ್ನೂ ಕಿತ್ತುಕೊಂಡಂತೆ. ಅವನ ಬೆರಳು ಎಲೆಗಳ ಅಂಚಿನ ಮೇಲಿತ್ತು.

ಮಲ್ಲಿಕಾರ್ಜುನಪ್ಪನವರು ಎಡಗೈಯಿಂದ ತಮ್ಮ ಬಲಗೈಯನ್ನು ಹಿಡಿದು, ಎತ್ತಿ, ಮೇಜಿನ ಕೆಳಗೆ ಇಟ್ಟುಕೊಂಡರು.

"ಈಗ ಆಡು," ಎಂದರು.

ದಿಲೀಪ್ ತಲೆಯೆತ್ತಿದ.

"ಇಷ್ಟು ದಿನ ಅದನ್ನ ನೋಡಿ ಮಡಚ್ತಾ ಇದ್ರಾ?"

ಇಲ್ಲವೆನ್ನಲು ದಿಲೀಪ್ ಬಾಯಿ ತೆರೆದ. ಮೂವರ ಮುಖವನ್ನೂ ಅವರು ಒಂದೊಂದಾಗಿ ನೋಡಿ ಆಗಿತ್ತು.

"ಹೌದು," ಎಂದ.

"ವರ್ಷ ಪೂರ್ತಿ?"

"ಹೌದು ಮಲ್ಲಣ್ಣ."

"ನಾನು ಕಲ್ತೆ ಅಂದ್ಕೊಂಡಿದ್ದೆ," ಎಂದರು ಮಲ್ಲಿಕಾರ್ಜುನಪ್ಪನವರು. ಸ್ವರ ಎಷ್ಟು ತಗ್ಗಿತ್ತೆಂದರೆ ನಿಂಗಯ್ಯನವರು ಮುಂದಕ್ಕೆ ಬಗ್ಗಿದರು. "ಆಡು. ಮಡಚ್ಬೇಡ."

ದಿಲೀಪ್ ಬಿಲ್ಲೆ ಹೂಡಿ ಮೂರು ರಾಣಿಗಳನ್ನು ತೆರೆದಿಟ್ಟ. ಮಲ್ಲಿಕಾರ್ಜುನಪ್ಪನವರು ಎಡಗೈಯಿಂದ ತಮ್ಮವನ್ನು ಒಂದೊಂದಾಗಿ ಮಗುಚಿದರು. ಒಂಬತ್ತು, ನಾಲ್ಕು, ಗುಲಾಮ, ಏಳು, ಎರಡು. ಒಂದಕ್ಕೊಂದು ಸಂಬಂಧವಿಲ್ಲದ ಐದು ಎಲೆಗಳು.

ಅವರ ಗಂಟಲಿನಿಂದ ಒಂದು ಸಣ್ಣ ಸದ್ದು ಬಂತು.

ಲೋಟಗಳನ್ನು ಎತ್ತಿಕೊಳ್ಳಲು ಬಂದಿದ್ದ ವಿಶಾಲಾಕ್ಷಮ್ಮನವರು ಬಾಗಿಲಲ್ಲೇ ನಿಂತರು. ಹತ್ತಿರ ಬಂದು, ಗಂಡನ ಮುಖವನ್ನು ಬಗ್ಗಿ ನೋಡಿದರು.

"ನಗ್ತಾ ಇದೀರಾ?" ಎಂದು ಕೇಳಿದರು.

ಅವರ ಕಣ್ಣು ಎದುರಿನ ಗೋಡೆಯ ಮೇಲಿತ್ತು. ಮೀಸೆ ಅಲುಗಲಿಲ್ಲ. ವಿಶಾಲಾಕ್ಷಮ್ಮನವರು ಇನ್ನಷ್ಟು ಹೊತ್ತು ನೋಡಿ, ಆಮೇಲೆ ದಿಲೀಪನ ಕಡೆಗೆ ತಿರುಗಿದರು. ಮುಖ ಓದಲು ಕಲಿಸಿದವನು ಅವನಲ್ಲವೇ, ಇದು ನಗುವೋ ಅಳುವೋ ಎಂದು ಅವನಿಗಾದರೂ ತಿಳಿದಿರಬೇಕು ಎಂಬಂತೆ ಕಾದರು.

ದಿಲೀಪ್ ಎಲೆಗಳನ್ನೆಲ್ಲಾ ಬಾಚಿ ಒಟ್ಟುಮಾಡಿದ. ಕಲಸಿದ, ಮತ್ತೆ ಕಲಸಿದ. ವಿಶಾಲಾಕ್ಷಮ್ಮನವರು ಇನ್ನೂ ಅವನನ್ನೇ ನೋಡುತ್ತಿದ್ದರು. ಬೇರೇನು ಮಾಡಬೇಕೆಂದು ತಿಳಿಯದೆ ಅವನು ನಾಲ್ವರಿಗೂ ಎಲೆ ಹಂಚತೊಡಗಿದ.