ಕಡೂರಿನಲ್ಲಿ ನಕ್ಷತ್ರ ಬದಲಾದವರು

ಸಾವಿರದ ಒಂಬೈನೂರ ಎಂಬತ್ತೇಳರ ಬೇಸಿಗೆಯಲ್ಲಿ ಕಡೂರಿನ ಸುಮಾರು ಅರವತ್ತು ಜನರ ಜನ್ಮನಕ್ಷತ್ರ ಒಂದೇ ತಿಂಗಳಲ್ಲಿ ಬದಲಾಗಿಹೋಯಿತು. ಹುಟ್ಟಿದಾಗಿನಿಂದ ಅಶ್ವಿನಿಯಾಗಿದ್ದವರು ಭರಣಿಯಾದರು. ಐವತ್ತು ವರ್ಷ ಹಸ್ತ ನಕ್ಷತ್ರದಲ್ಲಿ ಅರ್ಚನೆ ಮಾಡಿಸಿದ್ದ ಮಲ್ಲಿಕಾರ್ಜುನಪ್ಪನೆಂಬ ಕೊಬ್ಬರಿ ವ್ಯಾಪಾರಿ ತನ್ನದು ಚಿತ್ತಾ ನಕ್ಷತ್ರವೆಂದು ತಿಳಿದ ದಿನ ಸೀದಾ ದೇವಸ್ಥಾನಕ್ಕೆ ಹೋಗಿ, ಇಷ್ಟು ವರ್ಷದ ಅರ್ಚನೆ ಹಾಗಾದರೆ ಯಾರ ಪಾಲಿಗೆ ಹೋಯಿತು ಎಂದು ಪೂಜಾರಿಯನ್ನು ದಬಾಯಿಸಿದ. ಪೂಜಾರಿ ಪಾಪ, ಏನು ಹೇಳಿಯಾನು? ಇಷ್ಟಕ್ಕೆಲ್ಲ ಕಾರಣ ತೀರ್ಥಪ್ಪನ ಕಂಪ್ಯೂಟರ್.

ತೀರ್ಥಪ್ಪನದು ಬಸ್ ಸ್ಟ್ಯಾಂಡಿನ ಹಿಂದೆ ಕ್ಯಾಸೆಟ್ ಅಂಗಡಿ. ಚೀಟಿಯಲ್ಲಿ ಹಾಡು ಬರೆದುಕೊಟ್ಟರೆ ಸಂಜೆಯೊಳಗೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದ. ಅವನು ಬೆಂಗಳೂರಿನಿಂದ ಹೊತ್ತು ತಂದದ್ದು ನೋಡಲಿಕ್ಕೆ ಟೈಪ್‌ರೈಟರಿನ ಅರ್ಧ ಭಾಗದಂತಿತ್ತು. ಅದನ್ನು ಒಂದು ಕಡೆ ಪುಟ್ಟ ಟಿವಿಗೆ, ಇನ್ನೊಂದು ಕಡೆ ಟೇಪ್ ರೆಕಾರ್ಡರಿಗೆ ಸಿಕ್ಕಿಸಬೇಕು. ಜಾತಕದ ಪ್ರೋಗ್ರಾಂ ಇದ್ದದ್ದು ಕ್ಯಾಸೆಟ್ಟಿನಲ್ಲಿ. ದಿನಾ ಬೆಳಿಗ್ಗೆ ಅದು ಹತ್ತು ನಿಮಿಷ ಗಂಟಲು ಕಟ್ಟಿದ ಹುಂಜದ ಹಾಗೆ ಕಿರುಚಿದ ಮೇಲೆ ಯಂತ್ರ ಸಿದ್ಧವಾಗುತ್ತಿತ್ತು. ಹುಟ್ಟಿದ ದಿನ, ಹೊತ್ತು ಒತ್ತಿದರೆ ಪ್ರಿಂಟರ್ ಚರಪರ ಸದ್ದು ಮಾಡಿ ಇಂಗ್ಲಿಷಿನಲ್ಲಿ ಒಂದು ಹಾಳೆ ಉಗುಳುತ್ತಿತ್ತು. ಧೂಳು ತಾಗಬಾರದೆಂದು ತೀರ್ಥಪ್ಪ ಎಲ್ಲರ ಚಪ್ಪಲಿಯನ್ನೂ ಹೊರಗೇ ಬಿಡಿಸುತ್ತಿದ್ದ. ಚಪ್ಪಲಿ ಬಿಟ್ಟು ಒಳಗೆ ಹೋದ ಮೇಲೆ ನಮ್ಮ ಜನ ಕೈ ಮುಗಿಯದೆ ಇರುತ್ತಾರೆಯೆ? ವಾರದೊಳಗೆ ಯಂತ್ರದ ಮೂಲೆಗೆ ಕುಂಕುಮ ಬಿತ್ತು.

"ಪಂಚಾಂಗದೋರಾದ್ರೆ ಮುಖ ನೋಡಿ ಗ್ರಹ ಕೂರಿಸ್ತಾರೆ. ಯಂತ್ರಕ್ಕೇನು ಮುಖ ಮೋರೆ ಗೊತ್ತಾ?" ಎಂದು ಹೋಟೆಲಿನಲ್ಲಿ ಕೂತವರು ತೀರ್ಮಾನ ಕೊಟ್ಟರು. ರೇಡಿಯೋ ಗೊರಗೊರ ಅಂದರೆ ತಲೆಯ ಮೇಲೆ ನಾಲ್ಕು ಬಾರಿಸುವ ಇದೇ ಜನ, ಕಂಪ್ಯೂಟರಿನ ಎದುರು ಮಾತ್ರ ಕೆಮ್ಮಲಿಕ್ಕೂ ಹೆದರಿದರು.

ಆ ಯಂತ್ರ ಕಡೆಗೆ ಅಜ್ಜಂಪುರದ ಮಲ್ಲಿಕಾಂಬಳ ಮದುವೆಗೂ ಕೈ ಹಾಕಿತು.

ಮಲ್ಲಿಕಾಂಬ ಅಲ್ಲಿನ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ವಯಸ್ಸು ಇಪ್ಪತ್ತಾರು. ತಂದೆಯಿಲ್ಲ, ತಾಯಿ ಶಂಕರಮ್ಮನ ಜೊತೆ ಇದ್ದಳು. ಕಡೂರಿನಲ್ಲಿ ರೇಡಿಯೋ, ಟಿವಿ ರಿಪೇರಿ ಅಂಗಡಿ ಇಟ್ಟಿದ್ದ ದೇವೀರಪ್ಪ ಶಾಲೆಯ ಮೈಕ್ ಸೆಟ್ಟು ಸರಿಮಾಡಲು ಬಂದಿದ್ದ. ಒಂದು ಸಲ ಬಂದು ಮುಗಿಸುವ ಕೆಲಸಕ್ಕೆ ನಾಲ್ಕು ಸಲ ಬಂದ. ನಾಲ್ಕನೆಯ ಸಲ ಅವಳೇ ಹೋಗಿ, "ಸೆಟ್ಟು ನಿಜವಾಗ್ಲೂ ಕೆಟ್ಟಿದೆಯಾ?" ಎಂದು ಕೇಳಿದಳು.

"ನನ್ನತ್ರ ಬರೋ ಹತ್ತರಲ್ಲಿ ಆರು ಕೆಟ್ಟೇ ಇರಲ್ಲ ಕಣ್ರೀ ಟೀಚರ್," ಅಂದ ದೇವೀರಪ್ಪ. "ಪ್ಲಗ್ಗು ನೆಟ್ಟಗೆ ಸಿಕ್ಸಿರಲ್ಲ, ಬ್ಯಾಟ್ರಿ ತಿರುಗಾಮುರುಗಾ ಹಾಕಿರ್ತಾರೆ. ಬೈಸ್ಕೊಳೋದು ಮಾತ್ರ ಸೆಟ್ಟು."

ಅವಳಿಗೆ ನಗು ಬಂತು, ಆಮೇಲೆ ಅವನೇ ಇಷ್ಟವಾದ. ಎರಡೂ ಮನೆಯವರು ಒಪ್ಪಿದರು, ವೀಳ್ಯ ಬದಲಿಸುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ದೇವೀರಪ್ಪನನ್ನು ಎಳವೆಯಿಂದ ಸಾಕಿದ ಸೋದರತ್ತೆ ಕಲ್ಲಮ್ಮನಿಗೆ, ಊರೆಲ್ಲ ಮಾಡಿಸುತ್ತಿರುವಾಗ ತಾವೂ ಒಂದು ಸಲ ನೋಡಿಸಿಬಿಡೋಣ ಅನ್ನಿಸಿತು. ಎರಡೂ ಜಾತಕ ಒಯ್ದು ತೀರ್ಥಪ್ಪನಿಗೆ ಕೊಟ್ಟಳು. ಮೂವತ್ತಾರು ಗುಣದಲ್ಲಿ ಹದಿನೆಂಟಾದರೂ ಕೂಡಬೇಕು. ಯಂತ್ರ ಕೊಟ್ಟದ್ದು ಎಂಟು.

ಬುಧವಾರ ದೇವೀರಪ್ಪನ ಕಾಗದ ಬಂತು, ಜೊತೆಗೆ ಆ ಹಾಳೆ. "ಅತ್ತೆ ಸುತರಾಂ ಒಪ್ಪುತ್ತಿಲ್ಲ. ಸೋಮವಾರ ತರೀಕೆರೆಗೆ ಬೇರೆ ಹೆಣ್ಣು ನೋಡಲು ಹೋಗಬೇಕಂತೆ. ಏನು ಮಾಡಲೂ ತೋಚುತ್ತಿಲ್ಲ."

ಕರೆಂಟು ಹರಿಯುವ ಟಿವಿಯ ಒಳಗೆ ಕೈ ಹಾಕಲು ಅಂಜದವನು ಅತ್ತೆಯ ಎದುರು ಬಾಯಿ ಬಿಡಲು ಅಂಜುತ್ತಾನಲ್ಲ ಎಂದು ಮಲ್ಲಿಕಾಂಬಳಿಗೆ ಮೈ ಉರಿಯಿತು. ಅತ್ತಳು. ಚೆನ್ನಾಗಿಯೇ ಅತ್ತಳು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ಹಾಳೆಯನ್ನು ಮೊದಲಿನಿಂದ ಓದಿದಳು. ಹೆಣ್ಣಿನ ನಕ್ಷತ್ರ ಮೃಗಶಿರಾ ಎಂದು ಅಚ್ಚಾಗಿತ್ತು. ಅವಳದು ರೋಹಿಣಿ.

ಅವಳ ಜಾತಕ ಬರೆದಿದ್ದ ಗಂಗಾಧರಯ್ಯನವರು ಅದೇ ಊರಿನಲ್ಲಿ ಎರಡು ಬೀದಿ ಆಚೆ ಇದ್ದರು. ವಯಸ್ಸು ಎಂಬತ್ತರ ಹತ್ತಿರ. ಹಾಳೆ ನೋಡಿ ಮುದುಕರ ಮುಖ ಸಪ್ಪಗಾಯಿತು. "ಕಡೂರಿಂದ ಹಿಂಗೇ ಎಷ್ಟೋ ಜನ ಬಂದ್ರು ಕಣವ್ವ. ನಾನೇ ತಪ್ಪಿರಬೋದು. ಯಂತ್ರದ ಮುಂದೆ ನಂದೇನು ಲೆಕ್ಕ?" ಅಂದರು. ಇಷ್ಟು ವರ್ಷ ಊರಿಗೆಲ್ಲ ಹೊತ್ತು ಹೇಳಿದವರು ಹಾಗೆ ಅಂದದ್ದನ್ನು ಅವಳಿಂದ ಕೇಳಲಾಗಲಿಲ್ಲ. ಹಳೆಯ ಪಂಚಾಂಗ ತೆಗೆಸಿ, ಪಕ್ಕದಲ್ಲಿ ಕೂತು ಮತ್ತೆ ಲೆಕ್ಕ ಹಾಕಿಸಿದಳು. ಎರಡು ಸಲ ಮಾಡಿದರೂ ರೋಹಿಣಿಯೇ ಬಂತು.

ಹಿಂದಿನ ಬೇಸಿಗೆಯಲ್ಲಿ ಶಿವಮೊಗ್ಗದಲ್ಲಿ ಟೀಚರುಗಳಿಗೆ ಹತ್ತು ದಿನ ಕಂಪ್ಯೂಟರ್ ಕಲಿಸಿದ್ದರು. ಅವಳೂ ಹೋಗಿ ಬೇಸಿಕ್ ಭಾಷೆಯಲ್ಲಿ ಮಗ್ಗಿ ಬರೆಸುವ ಪ್ರೋಗ್ರಾಂ ಒಂದನ್ನು ಬರೆದಿದ್ದಳು. ಒಂದು ಅಂಕಿ ತಪ್ಪು ಒತ್ತಿದ್ದಕ್ಕೆ ಆ ಯಂತ್ರ ಏಳರ ಮಗ್ಗಿಯ ಬದಲು ಎಪ್ಪತ್ತೇಳರ ಮಗ್ಗಿಯನ್ನು ಸ್ವಲ್ಪವೂ ನಾಚದೆ ಬರೆದುಕೊಟ್ಟಿತ್ತು. ಅಂದಿನಿಂದ ಅವಳಿಗೆ ಕಂಪ್ಯೂಟರಿನ ಮೇಲೆ ಭಕ್ತಿಯೂ ಇರಲಿಲ್ಲ, ಭಯವೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ತಾಯಿಯನ್ನು ಕರೆದುಕೊಂಡು ರೈಲು ಹತ್ತಿ ಕಡೂರಿಗೆ ಬಂದಳು. ಕಲ್ಲಮ್ಮನ ಮನೆಯ ನಡುಮನೆಯಲ್ಲಿ ನಿಂತು, ಕೊಟ್ಟ ನೀರನ್ನೂ ಕುಡಿಯದೆ ವಿಷಯಕ್ಕೆ ಬಂದಳು.

"ಅಮ್ಮಾ, ನನ್ನೆದುರಿಗೆ ಇನ್ನೊಂದ್ಸಲ ಮಾಡಿಸಿ. ಆಗಲೂ ಎಂಟೇ ಬಂದ್ರೆ ನಾಳೆ ನಾನೇ ನಿಮ್ಜೊತೆ ತರೀಕೆರೆಗೆ ಬಂದು ಹೆಣ್ಣು ನೋಡ್ತೀನಿ."

ಕಲ್ಲಮ್ಮ ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿದಳು. ಅಂಥ ಮಾತಾಡಿದ ಹುಡುಗಿ ಅವಳ ಹೊಸಿಲು ಹಿಂದೆಂದೂ ದಾಟಿರಲಿಲ್ಲ. "ಯಂತ್ರ ಸುಳ್ಳು ಹೇಳ್ತದಾ ಟೀಚರಮ್ಮ?"

"ಇಲ್ಲಮ್ಮ. ಸರಿಯಾಗಿ ಕೊಟ್ರೆ ಸರಿಯಾಗೇ ಹೇಳುತ್ತೆ. ಏನು ಕೊಟ್ಟಿದ್ದಾರೆ ನೋಡ್ಬೇಕು ಅಷ್ಟೆ."

ಕಲ್ಲಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ದೇವೀರಪ್ಪನೂ ಅಂಗಡಿಗೆ ಬೀಗ ಹಾಕಿ ಹಿಂದೆ ಬಂದ.

ತೀರ್ಥಪ್ಪನ ಅಂಗಡಿಯ ಮುಂದೆ ಹತ್ತು ಹದಿನೈದು ಜೊತೆ ಚಪ್ಪಲಿ ಇದ್ದವು. ಸಿಂಗಟಗೆರೆಯಿಂದ ಮಗಳ ಜಾತಕ ತಂದ ತಿಪ್ಪಮ್ಮ ಸಾಲಿನ ಮುಂದೆ ಇದ್ದಳು. ಕಲ್ಲಮ್ಮನನ್ನು ಕಂಡು ದಾರಿ ಬಿಟ್ಟಳು. ತೀರ್ಥಪ್ಪ ಕೆಟ್ಟವನೇನಲ್ಲ. ಟೀಚರ್ ಬಂದಿದ್ದಾರೆಂದು ಖುಷಿಯಿಂದಲೇ ಸ್ಟೂಲು ಒರೆಸಿಕೊಟ್ಟ.

"ಮೊದಲಿಂದ ಒತ್ತಿ ತೋರಿಸಿ," ಅಂದಳು ಮಲ್ಲಿಕಾಂಬ.

ಟಿವಿಯ ಮೇಲೆ ಹೆಸರು, ದಿನ, ಊರು ಒಂದೊಂದಾಗಿ ಮೂಡಿದವು. ಆಮೇಲೆ ಯಂತ್ರ ಹುಟ್ಟಿದ ಹೊತ್ತು ಕೇಳಿತು. ತೀರ್ಥಪ್ಪ ಜಾತಕದ ಮೇಲೆ ಬೆರಳಿಟ್ಟು ಓದಿದ, "ನಲವತ್ತೆರಡು ಮೂವತ್ತು." ಒತ್ತಿದ. ಯಂತ್ರ ಕೀಂ ಎಂದು ತೆಗೆದುಕೊಳ್ಳದೆ ವಾಪಸು ಕೊಟ್ಟಿತು. ತೀರ್ಥಪ್ಪ ಸ್ವಲ್ಪವೂ ಗಾಬರಿಯಾಗದೆ ದಿನವನ್ನು ಒಂದು ಮುಂದೆ ಮಾಡಿ, ಹದಿನೆಂಟು ಮೂವತ್ತು ಎಂದು ಒತ್ತಿದ. ಈ ಸಲ ಯಂತ್ರ ಒಪ್ಪಿಕೊಂಡಿತು.

"ಅದೇನು ಮಾಡಿದ್ರಿ ಈಗ?"

"ದಿನಕ್ಕೆ ಇಪ್ಪತ್ನಾಕೇ ಗಂಟೆ ಅಲ್ವಾ ಟೀಚರಮ್ನೋರೆ? ಹಳೇ ಜಾತಕದೋರು ಹಿಂಗೇ ಜಾಸ್ತಿ ಬರ್ದಿರ್ತಾರೆ. ಇಪ್ಪತ್ನಾಕು ಕಳೆದು ಮಾರನೇ ದಿನಕ್ಕೆ ಹಾಕ್ತೀನಿ."

ಮಲ್ಲಿಕಾಂಬ ಕಲ್ಲಮ್ಮನ ಕಡೆ ತಿರುಗಿದಳು. ತೀರ್ಥಪ್ಪನಿಗೆ ಉತ್ತರ ಹೇಳುವುದಕ್ಕಿಂತ ಇವರಿಗೆ ಹೇಳುವುದು ಮುಖ್ಯವೆಂದು ಅವಳಿಗೆ ಗೊತ್ತಿತ್ತು. "ಅಮ್ಮಾ, ಗಂಗಾಧರಯ್ಯನೋರು ಬರೆದಿರೋದು ಗಂಟೆ ಅಲ್ಲ. ಹೊತ್ತು ಹುಟ್ಟಿದ ಮೇಲೆ ಎಷ್ಟು ಘಳಿಗೆ ಅಂತ."

ಅಷ್ಟೇ ಸಾಕಾಯಿತು. ಗಡಿಯಾರವಿಲ್ಲದ ಮನೆಯಲ್ಲಿ ಹುಟ್ಟಿ, ಅಂಗಳದ ನೆರಳು ನೋಡಿ ಅಡುಗೆಗಿಡುತ್ತಿದ್ದ ಕಲ್ಲಮ್ಮನಿಗೆ ಘಳಿಗೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ.

"ಲೇ ತೀರ್ಥ," ಅಂದಳು. ಅವಳ ದನಿ ಬೀದಿಗೆ ಕೇಳಿಸಿತು. "ಘಳಿಗೆನ ಗಂಟೆ ಮಾಡಿ ಒತ್ತಿದ್ಯೇನೋ? ದಿನಕ್ಕೆ ಅರವತ್ತು ಘಳಿಗೆ ಕಣೋ. ನಿಮ್ಮವ್ವ ಹೇಳ್ಕೊಡ್ಲಿಲ್ವಾ?"

ತೀರ್ಥಪ್ಪನ ಕೈ ಕೀಲಿಗಳ ಮೇಲೆಯೇ ನಿಂತುಹೋಯಿತು. ಮಲ್ಲಿಕಾಂಬ ಬಾಯಲ್ಲೇ ಲೆಕ್ಕ ಮಾಡಿದಳು. ಒಂದು ಘಳಿಗೆಗೆ ಇಪ್ಪತ್ತನಾಲ್ಕು ನಿಮಿಷ. ನಲವತ್ತೆರಡೂವರೆ ಘಳಿಗೆಗೆ ಹದಿನೇಳು ಗಂಟೆ. ಪಂಚಾಂಗದ ಪ್ರಕಾರ ಅವತ್ತಿನ ಸೂರ್ಯೋದಯ ಆರು ಹತ್ತು. ಹುಟ್ಟಿದ್ದು ರಾತ್ರಿ ಹನ್ನೊಂದು ಹತ್ತಕ್ಕೆ. ಯಂತ್ರಕ್ಕೆ ಕೊಟ್ಟದ್ದು ಮಾರನೇ ದಿನದ ಸಂಜೆ ಆರೂವರೆ.

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಶಂಕರಮ್ಮ ಆಗ ಬಾಯಿ ಬಿಟ್ಟಳು. "ರಾತ್ರಿ ರೈಲು ಕೂಗ್ಕೊಂಡು ಹೋಗಿ ಒಂದು ಚಣ ಆಗಿತ್ತು, ಇವಳು ಅತ್ತಳು. ಮಾರನೇ ದಿನ ಸಂಜೆ ಹೊತ್ಗೆ ಮೊಲೆ ಕುಡಿದು ಮಲಗಿದ್ಲು. ಯಂತ್ರಾನ ಕೇಳಿದ್ರಿ, ಕ್ಯಾಸೆಟ್ಟು ಕೇಳಿದ್ರಿ. ಹೆತ್ತೋಳು ನಾನಿದ್ದೆ, ನನ್ನೊಬ್ಬಳನ್ನ ಯಾರೂ ಕೇಳ್ಲಿಲ್ಲ."

ಕಲ್ಲಮ್ಮ ಹೋಗಿ ಅವಳ ಕೈ ಹಿಡಿದುಕೊಂಡಳು. "ತಪ್ಪಾಯ್ತು ಶಂಕ್ರಕ್ಕ," ಅಂದಳು. ಅವಳ ಬಾಯಲ್ಲಿ ಆ ಮಾತು ಕೇಳಿ ದೇವೀರಪ್ಪನೇ ಬೆರಗಾದ.

ತೀರ್ಥಪ್ಪ ಬೆವರೊರೆಸಿಕೊಂಡು ಸರಿಯಾದ ಹೊತ್ತು ಒತ್ತಿದ. ದೇವೀರಪ್ಪ ಹುಟ್ಟಿದ್ದು ತರೀಕೆರೆಯ ಆಸ್ಪತ್ರೆಯಲ್ಲಾದ್ದರಿಂದ ಅವನದು ಮೊದಲೇ ಗಡಿಯಾರದ ಹೊತ್ತಿನಲ್ಲಿತ್ತು. ಪ್ರಿಂಟರ್ ಓಡಿತು. ಮಲ್ಲಿಕಾಂಬ ಹಾಳೆ ಎತ್ತಿ ಜೋರಾಗಿ ಓದಿದಳು, "ನಕ್ಷತ್ರ ರೋಹಿಣಿ."

ಸಾಲಿನಲ್ಲಿದ್ದವರು ಹೋ ಎಂದರು. ಸುದ್ದಿ ಹೋಟೆಲಿಗೆ ಹೋಗಿ, ಹೋಟೆಲಿನಿಂದ ಕೊಬ್ಬರಿ ಮಂಡಿಗೆ ಹೋಗಿ, ಐದು ನಿಮಿಷದಲ್ಲಿ ಮಲ್ಲಿಕಾರ್ಜುನಪ್ಪ ಪಂಚೆ ಎತ್ತಿಕಟ್ಟಿ ಓಡಿಬಂದು ತನ್ನ ಹಸ್ತ ನಕ್ಷತ್ರ ತನಗೆ ವಾಪಸು ಬೇಕೆಂದು ಬಾಗಿಲಲ್ಲೇ ಕೂಗಿದ. ಅಜ್ಜಂಪುರದ ಮುದುಕರು ಸರಿ, ಕಡೂರಿನ ಯಂತ್ರ ತಪ್ಪು ಎಂದು ಊರೇ ಒಪ್ಪಿತು. ಮಲ್ಲಿಕಾಂಬಳಿಗೆ ಗಂಗಾಧರಯ್ಯನವರ ಸಪ್ಪಗಾದ ಮುಖ ನೆನಪಾಗಿ, ಹೋಗಿ ಹೇಳುವುದು ಯಾವಾಗ ಎಂದು ಎದೆ ಹಿಗ್ಗಿತು.

ಆ ಹಿಗ್ಗಿನಲ್ಲಿ ಅವಳು ಹಾಳೆಯ ಕೊನೆಯ ಸಾಲು ನೋಡಿದ್ದು ತಡವಾಗಿ. ಗುಣ ಹದಿನೇಳೂವರೆ.

ತೀರ್ಥಪ್ಪನೂ ನೋಡಿದ. "ಹದಿನೆಂಟು ಬೇಕಿತ್ತು," ಎಂದು ಅವಳಿಗಷ್ಟೇ ಕೇಳುವಂತೆ ಅಂದ.

ಮಲ್ಲಿಕಾಂಬ ಆ ಸಾಲನ್ನು ಇನ್ನೊಮ್ಮೆ ಓದಿದಳು. ಸರಿಯಾಗಿ ಕೊಟ್ಟರೆ ಯಂತ್ರ ಸರಿಯಾಗಿ ಹೇಳುತ್ತದೆ ಎಂದವಳು ಅವಳೇ. ಈಗ ಸರಿಯಾಗಿ ಕೊಟ್ಟಾಗಿದೆ. ಹಾಳೆ ಇಂಗ್ಲಿಷಿನಲ್ಲಿತ್ತು, ಕಲ್ಲಮ್ಮನಿಗೆ ಓದಲು ಬರುತ್ತಿರಲಿಲ್ಲ. ತೀರ್ಥಪ್ಪ ಸೋತು ಕೂತಿದ್ದ, ಮಲ್ಲಿಕಾಂಬ ಹದಿನೆಂಟು ಎಂದರೂ ತಲೆಯಾಡಿಸುತ್ತಿದ್ದ.

"ಈಗಾದ್ರೂ ಸರಿಯಾಗಿ ಹೇಳೈತಾ?" ಎಂದು ಕಲ್ಲಮ್ಮ ಕೇಳಿದಳು.

"ಸರಿಯಾಗೇ ಹೇಳಿದೆ ಅಮ್ಮಾ. ಹದಿನೇಳೂವರೆ. ಅರ್ಧ ಕಮ್ಮಿ."

ಕಲ್ಲಮ್ಮ ಅವಳನ್ನೇ ನೋಡಿದಳು. ಆಮೇಲೆ ದೇವೀರಪ್ಪನ ಕಡೆ ತಿರುಗಿ, "ನೀನೇನಂತೀಯೋ?" ಅಂದಳು.

ದೇವೀರಪ್ಪ ಒಂದು ಹೆಜ್ಜೆ ಮುಂದೆ ಬಂದ. "ಎಂಟು ಬಂದಾಗ್ಲೂ ನಂಗೆ ಇವಳೇ ಬೇಕಾಗಿತ್ತು ಅತ್ತೆ."

"ಅದನ್ನ ಬುಧವಾರದ ಕಾಗದದಲ್ಲಿ ಬರೀಬೇಕಿತ್ತು," ಅಂದಳು ಮಲ್ಲಿಕಾಂಬ. ಯಾರೋ ಕಿಸಕ್ಕೆಂದರು.

ಕಲ್ಲಮ್ಮ ನಗಲಿಲ್ಲ. "ನಂಗೂ ನಿಮ್ಮಾವಂಗೂ ಇಪ್ಪತ್ತೊಂಬತ್ತು ಗುಣ ಕೂಡಿತ್ತು," ಅಂದಳು. "ಮೂವತ್ತು ವರ್ಷ ಸಂಸಾರ ಮಾಡಿದ್ವಿ, ಒಂದು ಮಾತು ಕೂಡ್ಲಿಲ್ಲ." ಆಮೇಲೆ ತೀರ್ಥಪ್ಪನಿಗೆ, "ಲೇ, ಸಂತೇಲಿ ಸೇರು ಅಳೆದಾದ ಮೇಲೆ ಒಂದು ಹಿಡಿ ಮೇಲಕ್ಕೆ ಹಾಕ್ತಾರಲ್ಲ, ಏನಂತಾರೆ ಅದಕ್ಕೆ?"

"ಕೊಸರು."

"ನಿನ್ನ ಯಂತ್ರ ಕೊಸರು ಹಾಕಲ್ವಾ?"

"ಇಲ್ಲ ಕಲ್ಲಮ್ನೋರೆ. ಅದು ಅದರೊಳಗಿಲ್ಲ."

"ಹಂಗಾದ್ರೆ ಅದು ಅಳೀಲಿ. ಕೊಸರು ಹಾಕೋಳು ನಾನು. ಕೈಗೆ ಬಂದಿದ್ದ ಸುಳ್ಳು ಹೇಳ್ದೆ ಬಿಟ್ಟಳಲ್ಲ ಈ ಹುಡುಗಿ, ಅದಕ್ಕೆ ಅರ್ಧ ಹಾಕಿದ್ದೀನಿ. ಈಗ ಕೂಡು, ಎಷ್ಟಾಯ್ತು?"

ತೀರ್ಥಪ್ಪ ಯಂತ್ರದ ಕಡೆ ಕೈ ಒಯ್ದ.

"ಅದನ್ನ ಯಾಕೆ ಕೇಳ್ತೀಯ, ಲೆಕ್ಕದ ಟೀಚರ್ ಇಲ್ಲೇ ನಿಂತವಳೆ. ಹೇಳವ್ವ, ಎಷ್ಟಾಯ್ತು?"

ಮಲ್ಲಿಕಾಂಬಳಿಗೆ ಕಣ್ಣು ತುಂಬಿ ಟಿವಿ, ಪ್ರಿಂಟರ್, ದೇವೀರಪ್ಪ ಎಲ್ಲ ಕಲಸಿಹೋಗಿದ್ದವು. ಜೀವಮಾನದಲ್ಲಿ ಅಷ್ಟು ಸುಲಭದ ಲೆಕ್ಕಕ್ಕೆ ಅಷ್ಟು ಹೊತ್ತು ಅವಳು ತೆಗೆದುಕೊಂಡಿರಲಿಲ್ಲ.

"ಹದಿನೆಂಟು, ಅತ್ತೆ," ಅಂದಳು.