ಯಾವುದಕ್ಕೆ ಸ್ತೋತ್ರ

ಹದಿಮೂರು ವರ್ಷದಿಂದ ಅವಳ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಗುಲಾಬಿ ಮೇಣದಲ್ಲಿ ವಸಡು ಎಬ್ಬಿಸಿ, ಅದರ ಮೇಲೆ ಒಂದೊಂದೇ ಹಲ್ಲು ಕೂರಿಸುತ್ತಿದ್ದಳು. ಪರಿಚಯದವರಿಗೆಲ್ಲ ಅವಳು ಹಲ್ಲಕ್ಕ. ಆ ಹೆಸರಿಗೆ ಅವಳೂ ನಗುತ್ತಿದ್ದಳು, ಏಪ್ರಿಲ್‌ವರೆಗೆ. ಏಪ್ರಿಲ್‌ನಲ್ಲಿ ಅವಳ ಗಂಡ ಎರಡು ಸೂಟ್‌ಕೇಸ್ ಹಿಡಿದು ಅವಳ ಸ್ವಂತ ತಂಗಿಯ ಮನೆಗೆ ಹೋಗಿ ಅಲ್ಲೇ ಉಳಿದುಬಿಟ್ಟ.

ತಾಯಿ ಮೊದಲ ಎರಡು ತಿಂಗಳು ದೊಡ್ಡ ಮಗಳ ಜೊತೆ ಕೂತು ಅತ್ತಳು. ಮೂರನೆಯ ತಿಂಗಳು, "ಇಬ್ಬರೂ ನನ್ನ ಹೊಟ್ಟೇಲಿ ಹುಟ್ಟಿದವರೇ ಅಲ್ವಾ," ಎಂದಳು. ಡಿಸೆಂಬರ್ ಹೊತ್ತಿಗೆ ಅಪ್ಪಣೆಯೇ ಆಯಿತು: ಕ್ರಿಸ್‌ಮಸ್ ಊಟಕ್ಕೆ ಎಲ್ಲರೂ ಒಂದೇ ಮೇಜಿಗೆ ಬರಬೇಕು. "ಹಬ್ಬದ ದಿನ ಹಲ್ಲು ಕಚ್ಚಿಕೊಂಡು ಕೂತ್ಕೋ. ಜನ ನೋಡ್ತಾರೆ."

ಹಬ್ಬದ ಬೆಳಿಗ್ಗೆ ಹಲ್ಲಕ್ಕ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಳು. ಮುಂದಿನ ಬೆಂಚಿನಲ್ಲಿ ಅವಳ ತಾಯಿ, ತಂಗಿ, ಗಂಡ ಇದ್ದರು. ಅವನು ಹಾಕಿದ್ದ ಬೂದು ಕೋಟಿನ ತೋಳಿನ ಗುಂಡಿ ಹೊಲಿದವಳು ಹಲ್ಲಕ್ಕನೇ. ಪ್ರಸಂಗ ಮುಗಿದ ಮೇಲೆ ಪಾದ್ರಿ, ಈ ವರ್ಷ ದೇವರು ಮಾಡಿದ ಉಪಕಾರಕ್ಕೆ ಯಾರಾದರೂ ಎದ್ದು ಸ್ತೋತ್ರ ಹೇಳಬಹುದು ಎಂದರು. ಒಬ್ಬರ ಆಪರೇಷನ್ ಸುಸೂತ್ರವಾಗಿತ್ತು. ಇನ್ನೊಬ್ಬರ ಮೊಮ್ಮಗಳು ಪಾಸಾಗಿದ್ದಳು. ಆಮೇಲೆ ಅವಳ ತಾಯಿ ಎದ್ದಳು.

"ನನ್ನ ಕಿರಿ ಮಗಳು ಬಸುರಿ. ನನ್ನ ಅಳಿಯನ ಕೈಲಿ ಒಂದು ಕೂಸು ನೋಡಬೇಕು ಅಂತ ಹನ್ನೊಂದು ವರ್ಷ ಕಾದೆ. ದೇವರು ಕೊಟ್ಟ. ಅವನಿಗೆ ಸ್ತೋತ್ರ."

ಅಳಿಯ ಅದೇ ಅಳಿಯ, ಮಗಳು ಮಾತ್ರ ಬದಲಾಗಿದ್ದಳು. ಜನಕ್ಕೆ ಎತ್ತ ನೋಡಬೇಕೋ ತಿಳಿಯಲಿಲ್ಲ. ಯಾರೋ ರೂಢಿಯಂತೆ ಆಮೆನ್ ಎಂದರು. ಉಳಿದವರು ಹಿಂದೆಯೇ ಗೊಣಗಿದರು. ಹನ್ನೊಂದು ವರ್ಷ ತಾನು ಈ ಗೋಡೆಗಳ ನಡುವೆಯೇ ಬೇಡಿಕೊಂಡದ್ದು ವಿಳಾಸ ತಪ್ಪಿದ ಕಾಗದದಂತೆ ಪಕ್ಕದ ಮನೆಗೆ ಹೋಗಿದೆ ಎಂದು ಹಲ್ಲಕ್ಕನಿಗೆ ಅನಿಸಿತು.

ಪಕ್ಕದಲ್ಲಿದ್ದ ಪಾದ್ರಿಯ ಹೆಂಡತಿ ಅವಳ ಮೊಣಕೈ ಮುಟ್ಟಿ, "ಕ್ಷಮಿಸಿಬಿಡಮ್ಮ, ಇವತ್ತಾದ್ರೂ," ಎಂದರು.

"ಅವರು ಕೇಳಿದ್ರಾ?"

"ಏನನ್ನ?"

"ಕ್ಷಮೆ," ಎಂದು ಅವಳು ಎದ್ದು ಹೊರಗೆ ನಡೆದಳು.

ಮನೆಗೆ ಹೋದರೆ ತಾಯಿ ಹುಡುಕಿಕೊಂಡು ಬರುತ್ತಾಳೆ. ಆದ್ದರಿಂದ ರಜೆಯಲ್ಲಿದ್ದ ಲ್ಯಾಬಿನ ಬೀಗ ತೆಗೆದು ತನ್ನ ಸ್ಟೂಲಿನ ಮೇಲೆ ಕೂತಳು. ಎದುರಿನ ಕಪಾಟಿನಲ್ಲಿ ಒಂದು ಡಬ್ಬಿ ಉಳಿದುಹೋಗಿತ್ತು. ಕಳೆದ ವಾರ ಅವಳೇ ಮುಗಿಸಿದ ಸೆಟ್ಟು. ತಲುಪಿಸುವವನು ಮರೆತು ರಜೆ ಹೋಗಿದ್ದ. ಚೀಟಿಯಲ್ಲಿ ವೃದ್ಧಾಶ್ರಮದ ವಿಳಾಸ, ಕೆಳಗೆ ಡಾಕ್ಟರ ಕೈಬರಹ: ಅಜ್ಜಿಗೆ ಹಬ್ಬದ ಊಟಕ್ಕೆ ಬೇಕೇ ಬೇಕಂತೆ.

ಎಲ್ಲರಿಗೂ ಹಬ್ಬದ ಊಟದ್ದೇ ಚಿಂತೆ ಎಂದು ಗೊಣಗಿಕೊಂಡೇ ಅವಳು ಡಬ್ಬಿ ತೆಗೆದುಕೊಂಡು ಬಸ್ ಹತ್ತಿದಳು.

ಅಜ್ಜಿ ನಲವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ಆಶ್ರಮದ ಊಟದ ಕೋಣೆಯ ಮೂಲೆಯಲ್ಲಿ ಕುಳಿತು, ಬಾಯಿ ಒಳಕ್ಕೆ ಎಳೆದುಕೊಂಡು, ತಟ್ಟೆಯನ್ನು ಶತ್ರುವಿನಂತೆ ನೋಡುತ್ತಿದ್ದಳು. ಹಲ್ಲಕ್ಕ ಸೆಟ್ಟು ಹಾಕಿಸಿ, ಉಚ್ಚಾರ ನೋಡಲು, "ಸಾಸಿವೆ ಅನ್ನಿ," ಎಂದಳು.

"ಸಾಸಿವೆ. ಸೊಸೆ. ನನ್ನ ಸೊಸೆ." ಅಜ್ಜಿ ತೃಪ್ತಿಯಿಂದ ತಲೆಯಾಡಿಸಿದಳು. "ಅವಳ ಹೆಸರೆತ್ತಿದಾಗ ಕಡಿಯೋಕಾದ್ರೂ ಹಲ್ಲು ಬೇಕಿತ್ತು. ಕೂತ್ಕೋ, ಊಟ ಮಾಡಿ ಹೋಗು."

ಹಲ್ಲಕ್ಕ ಕೂತಳು. ಅಜ್ಜಿ ಕಣ್ಣು ಮುಚ್ಚಿದಳು.

"ತಂದೆಯೇ, ಹಲ್ಲಿಗೆ ಸ್ತೋತ್ರ. ರಜೆಯಲ್ಲೂ ತಂದುಕೊಟ್ಟ ಈ ಹುಡುಗಿಗೆ ಸ್ತೋತ್ರ. ಬಿಸಿ ಊಟಕ್ಕೆ ಸ್ತೋತ್ರ. ನನ್ನ ಮಗ ಈ ಸಲನೂ ಬರಲಿಲ್ಲ. ಅದಕ್ಕೆ ನಾನು ಸ್ತೋತ್ರ ಹೇಳಲ್ಲ, ನಿನಗೂ ಗೊತ್ತು. ಅವನನ್ನ ನೋಡ್ಕೋ. ಆಮೆನ್."

"ಹೀಗೆಲ್ಲ ಹೇಳಬಹುದಾ?"

"ಮತ್ತೆ? ದೇವರಿಗೇ ಸುಳ್ಳು ಹೇಳ್ತೀಯಾ? ಸುಳ್ಳು ಬೇಕಾದ್ರೆ ಪಾದ್ರಿಗೆ ಹೇಳು."

ಹಲ್ಲಕ್ಕನ ಬಾಯಿಂದ ಬೆಳಗಿನದೆಲ್ಲ ಹೊರಬಂತು. ಮೊದಲು ಚರ್ಚು, ಆಮೇಲೆ ಕೂಸು, ಕೊನೆಗೆ ಏಪ್ರಿಲ್. ಅಜ್ಜಿ ಅಗಿಯುತ್ತಲೇ ಕೇಳಿಸಿಕೊಂಡಳು.

"ಕ್ರಿಸ್‌ಮಸ್ ಕಥೇಲಿ ಆ ಬಡಗಿ ತುಂಬು ಬಸುರೀನ ಕರ್ಕೊಂಡು ಹೋಗಿದ್ದು ಸ್ವಂತ ಊರಿಗೆ," ಎಂದಳು ಕೊನೆಗೆ. "ನೆಂಟರಿರಲಿಲ್ವಾ ಅಲ್ಲಿ? ಒಬ್ಬರೂ ಬಾಗಿಲು ತೆಗೀಲಿಲ್ಲ. ಜಾಗ ಇಲ್ವಂತೆ. ನಾನು ಬಸ್ಸಲ್ಲಿ ನೋಡಿದೀನಿ, ಜಾಗ ಇಲ್ಲ ಅನ್ನೋರೇ ಕಾಲು ಚಾಚಿ ಕೂತಿರ್ತಾರೆ. ದೇವರ ಮಗ ಅಂಥ ದಿನಾನೇ ಹುಟ್ಟಿದ್ದು. ನಿನ್ನ ಹಬ್ಬ ಏನೂ ಕೆಟ್ಟಿಲ್ಲ. ಈಗ ನಿನ್ನದು ಹೇಳು."

ಎಂಟು ತಿಂಗಳಿಂದ ಅವಳಿಗೆ ಒಂದು ಪ್ರಾರ್ಥನೆಯನ್ನೂ ಮುಗಿಸಲಾಗಿರಲಿಲ್ಲ. ಅರ್ಧಕ್ಕೆ ಬಂದಾಗಲೆಲ್ಲ ತಂಗಿಯ ಮುಖ ಅಡ್ಡ ಬರುತ್ತಿತ್ತು. ಈಗಲೂ ಬಂತು. ಅವಳು ಅದನ್ನು ಪಕ್ಕಕ್ಕೆ ತಳ್ಳಲಿಲ್ಲ.

"ನನ್ನ ಕೈಗೆ ಸ್ತೋತ್ರ," ಎಂದಳು ಮೆಲ್ಲಗೆ. "ಕೆಲಸಕ್ಕೆ ಸ್ತೋತ್ರ. ಈ ಅಜ್ಜಿಗೆ ಸ್ತೋತ್ರ. ಆ ಮಗುವಿಗೆ ಸ್ತೋತ್ರ ಹೇಳೋಕೆ ನನ್ನಿಂದಾಗಲ್ಲ. ಆದ್ರೆ ಅದಕ್ಕೇನೂ ಆಗದಿರಲಿ. ಅದು ಯಾರಿಂದಲೂ ಏನೂ ಕಿತ್ಕೊಂಡಿಲ್ಲ. ಆಮೆನ್."

ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಲಿಲ್ಲ. ಆದರೆ ಅದರ ಅಡಿಯಲ್ಲಿ ಉಸಿರಾಡುವಷ್ಟು ಜಾಗವಾಯಿತು. ತಟ್ಟೆಯಲ್ಲಿದ್ದುದನ್ನು ಅವಳು ಪೂರ್ತಿ ತಿಂದಳು.

ಮಧ್ಯಾಹ್ನ ತಾಯಿಗೆ ಫೋನ್ ಮಾಡಿದಳು.

"ಎಲ್ಲರ ಊಟ ಕೆಡಿಸಿದೆ," ಎಂದಳು ತಾಯಿ.

"ಅವರಿಬ್ಬರೂ ಕೂರೋ ಮೇಜಿಗೆ ನಾನು ಬರಲ್ಲ ಅಮ್ಮ. ನೀನೊಬ್ಬಳೇ ಇದ್ದಾಗ ಬರ್ತೀನಿ, ಖಂಡಿತ ಬರ್ತೀನಿ."

"ಕಲ್ಲು ಮನಸ್ಸು ನಿಂದು," ಎಂದು ತಾಯಿ ಫೋನ್ ಇಟ್ಟಳು. ಹಲ್ಲಕ್ಕ ತಿರುಗಿ ಕರೆ ಮಾಡಲಿಲ್ಲ.

ಜೂನ್‌ನಲ್ಲಿ ಹೆಣ್ಣು ಮಗು ಹುಟ್ಟಿತು. ಹುಟ್ಟುವಾಗ ಕೂಸಿಗೆ ಉಸಿರು ತಡವಾಯಿತಂತೆ, ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರಂತೆ. ಅದನ್ನು ಹೇಳಲು ತಂಗಿಯೇ ಫೋನ್ ಮಾಡಿದ್ದಳು, ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ. "ಅಕ್ಕ, ಪ್ರಾರ್ಥನೆ ಮಾಡೇ," ಎಂದಳು. ಕ್ಷಮೆ ಕೇಳಲಿಲ್ಲ.

"ಡಿಸೆಂಬರ್‌ನಿಂದ ಮಾಡ್ತಿದೀನಿ. ಕೂಸಿಗೆ," ಎಂದಳು ಹಲ್ಲಕ್ಕ. "ನಿಮ್ಮಿಬ್ಬರಿಗೆ ಇನ್ನೂ ಬರ್ತಿಲ್ಲ."

ಆ ಕಡೆ ತಂಗಿ ಅಳುವುದು ಕೇಳಿಸಿತು. ಅವಳು ಅಳುವಷ್ಟು ಹೊತ್ತೂ ಹಲ್ಲಕ್ಕ ಫೋನ್ ಕೆಳಗಿಡಲಿಲ್ಲ.